ಎಲ್ಲಿ ನಿಂತು ತೆಗೀತೀರಿ, ಮೊದಲು ಅದನ್ನು ಹೇಳಿ

ಜಲಕ್ರೀಡೆಯ ಫೋಟೊ ಮತ್ತು ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಹತ್ತಿರದ ಸಮುದ್ರಕ್ಕೆ ಹೋಗಲು ಒಂದು ರಾತ್ರಿಯ ಬಸ್ಸು ಹಿಡಿಯಬೇಕಾದ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಗಳಿಂದಲೇ ಈ ಸಲ ಹೆಚ್ಚು ಪತ್ರ ಬಂದಿವೆ. ಬಹುಪಾಲು ಎಲ್ಲರ ಪ್ರಶ್ನೆ ಒಂದೇ: ಯಾವ ಕ್ಯಾಮೆರಾ ಕೊಳ್ಳಲಿ? ದಡದಲ್ಲಿ ನಿಲ್ಲುತ್ತೀರೋ, ದೋಣಿಯಲ್ಲಿ ಕೂರುತ್ತೀರೋ, ನೀರಿಗೇ ಇಳಿಯುತ್ತೀರೋ ಎಂದು ಬರೆದವರು ಮಾತ್ರ ಕಡಿಮೆ. ದುಡ್ಡು ಯಾವುದಕ್ಕೆ ಹಾಕಬೇಕು ಎಂಬುದು ತೀರ್ಮಾನವಾಗುವುದೇ ಅದರಿಂದ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಗೆಳೆಯರ ಜೊತೆ ರಾಮೇಶ್ವರಕ್ಕೆ ಹೊರಟಿದ್ದೀನಿ. ಅವರು ಕೈಟ್‌ಸರ್ಫಿಂಗ್ ಮಾಡ್ತಾರೆ, ನಾನು ಫೋಟೊ ತೆಗೀಬೇಕು. ನನ್ನ ಹತ್ರ ಕ್ಯಾನನ್ 1500ಡಿ, ಅದರ ಜೊತೆ ಬಂದ 18-55 ಲೆನ್ಸ್ ಇದೆ. ಫುಲ್‌ಫ್ರೇಮ್ ಬಾಡಿ, 70-200 ಎಫ್ 2.8 ಲೆನ್ಸ್ ತಗೊಳ್ಳಿ ಅಂತ ಅಂಗಡಿಯವರು ಹೇಳ್ತಾರೆ. ಸಾಲ ಮಾಡಿಯಾದರೂ ತಗೊಳ್ಳಲಾ?
– ಜಯನಗರ 4ನೇ ಬ್ಲಾಕ್‌ನ ಓದುಗ

ಉತ್ತರ: ಸಾಲ ಬೇಡ. ಮೊದಲು ಒಂದು ಲೆಕ್ಕ ಹಾಕೋಣ. ಸವಾರ 100 ಮೀಟರ್ ದೂರದಲ್ಲಿದ್ದಾನೆ ಅಂದುಕೊಳ್ಳಿ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 200 ಎಂಎಂ ಲೆನ್ಸ್ ಆಗ ಹಿಡಿಯುವುದು 18 ಮೀಟರ್ ಅಗಲದ ದೃಶ್ಯ. ಅದರಲ್ಲಿ ಆರಡಿ ಮನುಷ್ಯ ಎಷ್ಟು ಕಾಣಿಸುತ್ತಾನೆ? ನಿಮ್ಮ 1500ಡಿಯ ಸೆನ್ಸರ್ ಚಿಕ್ಕದು. ಅದಕ್ಕೆ 55-250 ಐಎಸ್ ಎಸ್‌ಟಿಎಂ ಲೆನ್ಸ್ ಹಾಕಿ 250ಕ್ಕೆ ಎಳೆದರೆ ಅದೇ ದೂರದಲ್ಲಿ ದೃಶ್ಯದ ಅಗಲ 9 ಮೀಟರಿಗೆ ಇಳಿಯುತ್ತದೆ, ಸವಾರ ಎರಡು ಪಟ್ಟು ದೊಡ್ಡದಾಗಿ ಕಾಣುತ್ತಾನೆ. ಈ ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತದೆ.

ಕೈಟ್‌ಸರ್ಫಿಂಗ್‌ನಲ್ಲಿ ಇನ್ನೊಂದು ಫಜೀತಿಯಿದೆ. ಸವಾರನಿಗೂ ಮೇಲಿನ ಗಾಳಿಪಟಕ್ಕೂ ನಡುವೆ 20ರಿಂದ 24 ಮೀಟರ್ ಉದ್ದದ ದಾರ. ಎರಡೂ ಒಂದೇ ಚಿತ್ರದಲ್ಲಿ ಬರಬೇಕಾದರೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಲೆನ್ಸನ್ನು 70 ಎಂಎಂ ಹತ್ತಿರಕ್ಕೆ ತರಬೇಕು. ಮರುಕ್ಷಣ ಮುಖ, ಬೋರ್ಡು, ನೀರಿನ ಚಿಮ್ಮು ಬೇಕೆಂದರೆ 250. ಹಾಗಾಗಿ ಇಲ್ಲಿ ಜೂಮ್ ಲೆನ್ಸೇ ಸರಿ. ಒಂದೇ ಅಳತೆಯ ದೊಡ್ಡ ಲೆನ್ಸ್ ಹಿಡಿದವರಿಗೆ ಗಾಳಿಪಟವಿಲ್ಲದ ಸವಾರ ಸಿಗುತ್ತಾನೆ, ಅವನು ಗಾಳಿಯಲ್ಲಿ ಯಾಕೆ ತೇಲುತ್ತಿದ್ದಾನೆ ಎಂದು ನೋಡುವವರಿಗೆ ತಿಳಿಯುವುದಿಲ್ಲ.

ಎಫ್ 2.8 ಬೇಕೇ ಎನ್ನುತ್ತೀರಿ. ಸುಡುಬಿಸಿಲಿನಲ್ಲಿ ಐಎಸ್‌ಒ 400, ಎಫ್ 8 ಇಟ್ಟರೂ ಶಟರ್ 1/1600 ಸಿಗುತ್ತದೆ. ಜಿಗಿತವನ್ನೂ ಹನಿಗಳನ್ನೂ ಹಿಡಿದು ನಿಲ್ಲಿಸಲು ಅಷ್ಟು ಸಾಕು. ಹಗಲಿನ ಸಮುದ್ರದಲ್ಲಿ ಬೆಳಕಿಗೆ ಬರವಿಲ್ಲ. ಅದಕ್ಕೆಂದು ದುಬಾರಿ ಲೆನ್ಸ್ ಕೊಳ್ಳಬೇಕಿಲ್ಲ.

ನಿಮ್ಮ ಬಾಡಿಯ ನಿಜವಾದ ಕೊರತೆ ವೇಗ. ಅದು ಸೆಕೆಂಡಿಗೆ ಮೂರೇ ಚಿತ್ರ ತೆಗೆಯುತ್ತದೆ. ಒತ್ತಿ ಹಿಡಿಯುವುದಕ್ಕಿಂತ, ಸವಾರ ಮೇಲೇರಿ ಒಂದು ಕ್ಷಣ ನಿಂತಂತೆ ಕಾಣುವಾಗ ಒತ್ತುವುದನ್ನು ರೂಢಿಸಿಕೊಳ್ಳಿ. ಆಮೇಲೂ ವೇಗ ಬೇಕು ಅನಿಸಿದರೆ ಕ್ಯಾನನ್ ಆರ್10 ನೋಡಿ. ಮೆಕ್ಯಾನಿಕಲ್ ಶಟರ್‌ನಲ್ಲೇ ಸೆಕೆಂಡಿಗೆ 15 ಚಿತ್ರ ತೆಗೆಯುತ್ತದೆ, ಅಡಾಪ್ಟರ್ ಹಾಕಿದರೆ ಇದೇ 55-250 ಅದಕ್ಕೂ ಕೂರುತ್ತದೆ.

ಕೊನೆಯದಾಗಿ, ಗಾಳಿ ಬೀಸಿ ಬರುವ ಕಡೆಯಲ್ಲೇ ನಿಲ್ಲಿ. ಗಾಳಿಪಟ ಏರಿಸುವವನ ಎದುರು, ಗಾಳಿ ಹೋಗುವ ದಿಕ್ಕಿನಲ್ಲಿ ನಿಲ್ಲಲೇಬೇಡಿ. ಮರಳಿನ ಮೇಲೆ ಹಾಸಿದ ದಾರವನ್ನು ದಾಟಬೇಡಿ. ಬಿಗಿದ ದಾರ ಚರ್ಮ ಸೀಳುತ್ತದೆ.

ಪ್ರಶ್ನೆ: ಸಸಿಹಿತ್ಲುವಿಗೆ ಹೋಗಿ ಸರ್ಫಿಂಗ್ ತೆಗೆದೆ. ಸಂಜೆ ಹೊತ್ತು, ಒಳ್ಳೇ ಬೆಳಕು ಅಂದ್ಕೊಂಡಿದ್ದೆ. ಎಲ್ಲಾ ಚಿತ್ರದಲ್ಲೂ ಸರ್ಫರ್‌ಗಳು ಕರ್ರಗೆ ಬಂದಿದ್ದಾರೆ. ಮಧ್ಯಾಹ್ನ ತೆಗೆದದ್ದು ಫೋಕಸ್ಸೇ ಇಲ್ಲ. 400 ಎಂಎಂ ಸಾಲದಾಯ್ತಾ? 600 ಬೇಕಾ?
– ಜೆ.ಪಿ. ನಗರ 6ನೇ ಹಂತದ ಓದುಗ

ಉತ್ತರ: ಲೆನ್ಸಿನದಲ್ಲ, ಗಡಿಯಾರದ ತಪ್ಪು. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನ ಹಿಂದೆ ತೆಂಗಿನ ತೋಟದ ಮೇಲೆ ಬರುತ್ತಾನೆ, ಬೆಳಕು ನೇರವಾಗಿ ಸರ್ಫರ್ ಮುಖಕ್ಕೆ ಬೀಳುತ್ತದೆ. ಮಧ್ಯಾಹ್ನ ದಾಟಿದ ಮೇಲೆ ಸೂರ್ಯ ಅವನ ಬೆನ್ನಿಗೆ. ಆಗ ಸಿಗುವುದು ಕಪ್ಪು ಆಕೃತಿ, ಹೊಳೆಯುವ ನೀರು. ಅದೇ ಬೇಕೆಂದರೆ ಸಂಜೆ ಹೋಗಿ. ಮುಖ ಬೇಕೆಂದರೆ ಆರೂವರೆಯಿಂದ ಒಂಬತ್ತೂವರೆಯೊಳಗೆ ಕೆಲಸ ಮುಗಿಸಿ.

ಮಧ್ಯಾಹ್ನದ ಮಸುಕು ಫೋಕಸ್ಸಿನದಲ್ಲ, ಕಾದ ಮರಳಿನದು. ಬಿಸಿಗಾಳಿ ನಡುಗುತ್ತಾ ಏರುವಾಗ ಅದರ ಮೂಲಕ ಹಾದುಬರುವ ಬೆಳಕೂ ನಡುಗುತ್ತದೆ. ಲೆನ್ಸ್ ಉದ್ದವಾದಷ್ಟೂ ಆ ನಡುಕ ದೊಡ್ಡದಾಗಿ ಕಾಣುತ್ತದೆ. 600 ಕೊಂಡಿದ್ದರೆ ಇನ್ನೂ ಹಾಳಾಗುತ್ತಿತ್ತು. ಸರ್ವಿಸ್ ಸೆಂಟರಿಗೆ ಓಡುವ ಮುನ್ನ ಬೆಳಗಿನ ಚಿತ್ರಗಳನ್ನು ನೋಡಿ. ಅವು ಚೊಕ್ಕವಾಗಿದ್ದರೆ ಲೆನ್ಸ್ ಚೆನ್ನಾಗಿದೆ. ಒಣ ಮರಳು ಬಿಟ್ಟು ಒದ್ದೆ ಮರಳಿನ ಅಂಚಿಗೆ ಬಂದು ನಿಂತರೂ ಅರ್ಧ ಸಮಸ್ಯೆ ತೀರುತ್ತದೆ.

ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ನದಿಗಳು ಸೇರಿ ಸಮುದ್ರಕ್ಕೆ ಬೀಳುತ್ತವೆ. ಪಕ್ಕದ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದದ್ದು 2004ರಲ್ಲಿ, ಮೊದಲ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸಸಿಹಿತ್ಲುವಿನಲ್ಲೇ ನಡೆದದ್ದು 2016ರ ಮೇ ಕೊನೆಗೆ. ಅಲೆ ಸಾಮಾನ್ಯವಾಗಿ ಮುರಿಯುವ ದೂರ 100–150 ಮೀಟರ್ ಅಂದುಕೊಂಡರೆ ಚಿಕ್ಕ ಸೆನ್ಸರ್ ಕ್ಯಾಮೆರಾಕ್ಕೆ 400 ಎಂಎಂ ಸಾಕು. ಫುಲ್‌ಫ್ರೇಮ್ ಆದರೆ ಮಾತ್ರ 600ರ ಯೋಚನೆ ಮಾಡಿ. ಅಂದಹಾಗೆ, ಮೇ ಕೊನೆಯೆಂದರೆ ಮುಂಗಾರಿನ ಹೊಸ್ತಿಲು. ಮೋಡ ಕವಿದರೆ ಐಎಸ್‌ಒ 1600ಕ್ಕೆ ಏರಿಸಬೇಕಾದೀತು, ಮಳೆ ಕವರ್ ಬ್ಯಾಗಿನಲ್ಲೇ ಇರಲಿ.

ಇನ್ನೊಂದು ಕಿವಿಮಾತು: ಬಿಳಿ ನೊರೆ ಮೀಟರನ್ನು ದಾರಿ ತಪ್ಪಿಸುತ್ತದೆ. ನೊರೆ ಹೆಚ್ಚಿದಾಗ ಚಿತ್ರ ಕಪ್ಪಾಗುತ್ತದೆ, ಕಡಿಮೆಯಾದಾಗ ಬೆಳ್ಳಗಾಗುತ್ತದೆ. ಮ್ಯಾನುವಲ್ ಮೋಡ್‌ಗೆ ಹಾಕಿ, ನೊರೆಯ ವಿವರ ಅಳಿಯದ ಹಾಗೆ ಒಮ್ಮೆ ಹೊಂದಿಸಿ, ಬೆಳಕು ಬದಲಾಗುವವರೆಗೆ ಮುಟ್ಟಬೇಡಿ.

ಪ್ರಶ್ನೆ: ನನ್ನ ಫೋನ್ ಐಪಿ68. ದಾಂಡೇಲಿ ರಾಫ್ಟಿಂಗ್‌ಗೆ ಅದೇ ಸಾಕಲ್ವಾ? ಇಲ್ಲ ಗೋಪ್ರೋ ತಗೊಳ್ಳಬೇಕಾ?
– ಬನಶಂಕರಿ 2ನೇ ಹಂತದ ಕಾಲೇಜು ವಿದ್ಯಾರ್ಥಿನಿ

ಉತ್ತರ: ಐಪಿ68 ಪರೀಕ್ಷೆ ನಡೆಯುವುದು ಅಲುಗದ ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ಕಾಳಿ ನದಿ ಅಲುಗದೆ ನಿಲ್ಲುವುದಿಲ್ಲ, ನಿಮ್ಮ ಫೋನೂ ಎರಡು ಸಲ ಕೆಳಗೆ ಬಿದ್ದಿರಬಹುದು. ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಇದೆಲ್ಲ ಸರಿಹೋದರೂ ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಮಾತು ಕೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರಾಫ್ಟಿನಲ್ಲಿ ನಿಮ್ಮ ಎರಡೂ ಕೈ ಹುಟ್ಟಿನ ಮೇಲಿರಬೇಕು.

ರಾಫ್ಟಿನೊಳಗೇ ಕೂರುವವರಿಗೆ ಆ್ಯಕ್ಷನ್ ಕ್ಯಾಮೆರಾ ಹೊಂದುತ್ತದೆ. ಗೋಪ್ರೋ ಹೀರೋ 12, 13 ಕವಚವಿಲ್ಲದೆ 10 ಮೀಟರ್ ಆಳಕ್ಕೆ, ಡಿಜೆಐ ಓಸ್ಮೋ ಆ್ಯಕ್ಷನ್ 5 ಪ್ರೊ 20 ಮೀಟರ್ ಆಳಕ್ಕೆ ತಡೆಯುತ್ತವೆ. ಎದೆಗೆ ಕಟ್ಟಿಕೊಂಡರೆ ಹುಟ್ಟು, ಮುಂದಿನವರ ಬೆನ್ನು, ನುಗ್ಗುವ ನೀರು ಮೂರೂ ಬರುತ್ತವೆ. ಹೆಲ್ಮೆಟ್ ಮೇಲೆ ಹಾಕಿದರೆ ತಲೆ ಅಲ್ಲಾಡಿದಂತೆಲ್ಲ ವೀಡಿಯೊ ಅಲ್ಲಾಡುತ್ತದೆ. ಇವು ನೀರಿನಲ್ಲಿ ಮುಳುಗುತ್ತವೆ, ತೇಲುವ ಹಿಡಿಯನ್ನೋ ಗಟ್ಟಿ ದಾರವನ್ನೋ ಮರೆಯಬೇಡಿ.

ಗಾಜಿನ ಮೇಲೆ ಹನಿ ಕೂತು ಚಿತ್ರ ಮಸುಕಾಗುವುದಕ್ಕೆ ಸರ್ಫ್ ಛಾಯಾಗ್ರಾಹಕರ ಹಳೇ ಉಪಾಯವೊಂದಿದೆ. ಕ್ಯಾಮೆರಾದ ಹೊರಗಾಜನ್ನು ನಾಲಿಗೆಯಿಂದ ಸವರಿ ನೀರಿಗೆ ಒಮ್ಮೆ ಅದ್ದಿ ತೆಗೆಯುತ್ತಾರೆ. ನೀರು ಹನಿಯಾಗಿ ನಿಲ್ಲದೆ ತೆಳುಪದರವಾಗಿ ಹರಡುತ್ತದೆ. ಅಸಹ್ಯ ಅನ್ನಿಸಿದರೂ ಫಲ ಕೊಡುತ್ತದೆ.

ಒಂದು ಎಚ್ಚರಿಕೆ. ಇದೇ ಕ್ಯಾಮೆರಾವನ್ನು ದಡದಲ್ಲಿ ನಿಂತು ಬಳಸಿದರೆ 50 ಮೀಟರ್ ದೂರದ ರಾಫ್ಟು ಚುಕ್ಕೆಯಾಗಿ ಕಾಣುತ್ತದೆ. ಅದರ ಲೆನ್ಸ್ ಅಷ್ಟು ಅಗಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ನಿಕಾನ್ ಡಿ500, 200-500 ಲೆನ್ಸ್ ಒಟ್ಟಿಗೆ ಸಿಗ್ತಿದೆ. ಆಫೀಸಿನವರೆಲ್ಲ ಡಿಎಸ್‌ಎಲ್‌ಆರ್ ಕಾಲ ಮುಗೀತು, ಮಿರರ್‌ಲೆಸ್ ತಗೋ ಅಂತಾರೆ.
– ಬಿಟಿಎಂ ಲೇಔಟ್ 2ನೇ ಹಂತದ ಓದುಗ

ಉತ್ತರ: ಹೊಸ ಮಾದರಿಗಳು ಬರುವ ಕಾಲ ಮುಗಿದಿರಬಹುದು, ಇರುವುದು ಕೆಲಸ ಮಾಡುವ ಕಾಲ ಮುಗಿದಿಲ್ಲ. ಡಿ500 ಬಂದದ್ದು 2016ರಲ್ಲಿ. ಸೆಕೆಂಡಿಗೆ 10 ಚಿತ್ರ, ಚೌಕಟ್ಟಿನ ಅಂಚಿನವರೆಗೂ ಹರಡಿದ 153 ಫೋಕಸ್ ಬಿಂದುಗಳು. ದಡದಿಂದ ಸರ್ಫಿಂಗ್ ತೆಗೆಯಲು ಈ ಜೋಡಿ ಇಂದಿಗೂ ಗಟ್ಟಿ. ಮಿರರ್‌ಲೆಸ್‌ನ ಲಾಭ ಒಂದು ಕಡೆ ನಿಜಕ್ಕೂ ದೊಡ್ಡದು: ಮುಖವನ್ನು, ಆಕೃತಿಯನ್ನು ಗುರುತಿಸಿ ಹಿಂಬಾಲಿಸುವುದರಿಂದ ನಡುವೆ ನೀರು ಚಿಮ್ಮಿದರೂ ಫೋಕಸ್ ಸುಲಭಕ್ಕೆ ಜಾರುವುದಿಲ್ಲ. ಡಿ500ನಲ್ಲಿ ಆ ಕೆಲಸ ನೀವೇ ಮಾಡಬೇಕು. ಗ್ರೂಪ್ ಏರಿಯಾ ಫೋಕಸ್ ಇಟ್ಟು, ಅಡ್ಡ ಬಂದದ್ದಕ್ಕೆ ತಕ್ಷಣ ನೆಗೆಯದ ಹಾಗೆ ಲಾಕ್-ಆನ್ ನಿಧಾನಕ್ಕೆ ಹಾಕಿಕೊಳ್ಳಿ.

ಲೆನ್ಸ್ 2.3 ಕಿಲೋ ತೂಗುತ್ತದೆ. ಇಡೀ ಬೆಳಿಗ್ಗೆ ಕೈಯಲ್ಲಿ ಹಿಡಿಯಲಾಗದು, ಮೊನೊಪಾಡ್ ಬೇಕು. ಮುಂದೆ ನಿಕಾನ್ ಮಿರರ್‌ಲೆಸ್‌ಗೆ ಹೋದರೂ ಎಫ್‌ಟಿಜಡ್ ಅಡಾಪ್ಟರ್ ಮೂಲಕ ಇದೇ ಲೆನ್ಸ್ ನಡೆಯುತ್ತದೆ, ದುಡ್ಡು ನೀರಿಗೆ ಹಾಕಿದ ಹಾಗಲ್ಲ.

ಕೊಳ್ಳುವ ಮುನ್ನ ಶಟರ್ ಎಣಿಕೆ ಕೇಳಿ. ಈ ಬಾಡಿಯ ಶಟರ್ ಪರೀಕ್ಷೆಗೊಳಗಾಗಿರುವುದು 2 ಲಕ್ಷ ಸಲಕ್ಕೆ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ, ಜೇಡರ ಬಲೆಯಂಥ ಗೆರೆ ಕಂಡರೆ ಫಂಗಸ್. ಸ್ಕ್ರೂ ತಲೆಗಳ ಮೇಲೆ, ಫ್ಲ್ಯಾಶ್ ಕೂರಿಸುವ ಜಾಗದಲ್ಲಿ, ಬ್ಯಾಟರಿ ಗೂಡಿನ ತಗಡಿನಲ್ಲಿ ಹಸಿರೋ ಬಿಳಿಯೋ ಪುಡಿಯಿದ್ದರೆ ಆ ಕ್ಯಾಮೆರಾ ಮೊದಲೇ ಸಮುದ್ರ ಕಂಡಿದೆ. ಎಷ್ಟೇ ಅಗ್ಗವಾದರೂ ಬೇಡ.

ಪ್ರಶ್ನೆ: ಮಗಳು ಈಜು ಸ್ಪರ್ಧೆಗಳಿಗೆ ಹೋಗ್ತಾಳೆ. ಮುಚ್ಚಿದ ಕೊಳದಲ್ಲಿ ನನ್ನ ಜೂಮ್ ಲೆನ್ಸ್‌ನಿಂದ ತೆಗೆದದ್ದೆಲ್ಲ ಅಲ್ಲಾಡಿದ ಹಾಗಿರುತ್ತೆ. ಫ್ಲ್ಯಾಶ್ ಹಾಕಲಾ?
– ಜಯನಗರ 7ನೇ ಬ್ಲಾಕ್‌ನ ತಾಯಿ

ಉತ್ತರ: ಫ್ಲ್ಯಾಶ್ ಬೇಡವೇ ಬೇಡ ಮೇಡಂ. ಸ್ಪರ್ಧೆಯ ಆರಂಭಕ್ಕೆ ಸದ್ದಿನ ಜೊತೆ ಬೆಳಕಿನ ಸಂಕೇತವೂ ಇರುತ್ತದೆ, ಪಕ್ಕದಿಂದ ಮಿಂಚಿದ ಫ್ಲ್ಯಾಶ್ ಮಕ್ಕಳನ್ನು ತಪ್ಪಾಗಿ ಹಾರಿಸೀತು. ಸಮುದ್ರದವರಿಗೆ ನಾನು ಬೇಡ ಎಂದ ಎಫ್ 2.8 ಲೆನ್ಸ್ ನಿಮಗೆ ಬೇಕು. ಅದು ದುಬಾರಿಯಾದರೆ 85 ಎಂಎಂ ಎಫ್ 1.8 ನೋಡಿ. ಕೊಳದ ಅಂಚಿನಲ್ಲಿ ನಿಲ್ಲಲು ಬಿಟ್ಟರೆ ಹತ್ತಿರದ ಲೇನ್‌ಗಳಿಗೆ ಅದು ಸಾಕು. ಶಟರ್ 1/800ಕ್ಕಿಂತ ಕೆಳಗಿಳಿಯದಿರಲಿ. ಎಲ್‌ಇಡಿ ದೀಪಗಳಡಿ ಒಂದು ಚಿತ್ರ ಹಳದಿ, ಇನ್ನೊಂದು ನೀಲಿ ಬರುತ್ತಿದ್ದರೆ ಆ್ಯಂಟಿ ಫ್ಲಿಕರ್ ಆನ್ ಮಾಡಿ.

ಬಟರ್‌ಫ್ಲೈ, ಬ್ರೆಸ್ಟ್‌ಸ್ಟ್ರೋಕ್ ಎದುರಿನಿಂದ ತೆಗೆಯಿರಿ, ಮುಖ ನೇರ ಮೇಲೇಳುತ್ತದೆ. ಫ್ರೀಸ್ಟೈಲ್‌ಗೆ ಅವಳು ಯಾವ ಕಡೆ ಉಸಿರು ತೆಗೆದುಕೊಳ್ಳುತ್ತಾಳೋ ಆ ಪಕ್ಕದಲ್ಲಿ ನಿಲ್ಲಿ. ಬೇರೆ ಮಕ್ಕಳ ಚಿತ್ರವನ್ನು ಅವರ ತಂದೆತಾಯಿಯನ್ನು ಕೇಳದೆ ಎಲ್ಲೂ ಹಾಕಬೇಡಿ.

ಪ್ರಶ್ನೆ: ಭಾವನ ಊರಿನಲ್ಲಿ ಈ ಸಲ ಕಂಬಳಕ್ಕೆ ಕರೆದಿದ್ದಾರೆ. 2023ರಲ್ಲಿ ಅರಮನೆ ಮೈದಾನದಲ್ಲಿ ನಡೆದದ್ದಕ್ಕೂ ಹೋಗಿದ್ದೆ, ಜನರ ತಲೆ ಬಿಟ್ಟರೆ ಏನೂ ಸಿಗಲಿಲ್ಲ. ಇದೂ ನೀರಾಟವೇ ತಾನೆ, ಸಲಹೆ ಕೊಡಿ.
– ಬನಶಂಕರಿ 3ನೇ ಹಂತದ ನಿವೃತ್ತ ಬ್ಯಾಂಕ್ ಉದ್ಯೋಗಿ

ಉತ್ತರ: ನೀರಾಟ ಹೌದು ಸ್ವಾಮಿ, ಜೊತೆಗೆ ಕೆಸರು ಬೇರೆ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಅಂದರೆ ಸೆಕೆಂಡಿಗೆ ಹತ್ತು ಮೀಟರಿಗೂ ಮಿಗಿಲು. ಶಟರ್ 1/250 ಇಟ್ಟರೆ ಅದು ತೆರೆದಿರುವಷ್ಟರಲ್ಲೇ ಕೋಣ ನಾಲ್ಕು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1/1000ಕ್ಕೆ ಒಂದು ಸೆಂಟಿಮೀಟರ್. ಅಲ್ಲಿಂದ ಮೇಲೆಯೇ ಇಡಿ.

ಹಗ್ಗ, ನೇಗಿಲು ವಿಭಾಗಗಳಿಗೆ ಕರೆಯ, ಅಂದರೆ ಓಟದ ಕೆಸರು ಗದ್ದೆಯ ಪಕ್ಕದಲ್ಲಿ, ಓಟ ಮುಗಿಯುವ ಮಂಜೊಟ್ಟಿಗೆ ಸ್ವಲ್ಪ ಮೊದಲು ಜಾಗ ಹಿಡಿಯಿರಿ. ವೇಗ ಮುಗಿಲು ಮುಟ್ಟುವುದು ಅಲ್ಲೇ. ಮಂಜೊಟ್ಟಿಯ ಎದುರಿಗೆ ಮಾತ್ರ ನಿಲ್ಲಬೇಡಿ, ಕೋಣಗಳು ನುಗ್ಗಿ ಬಂದರೆ ಓಡಲು ಸಮಯವಿರುವುದಿಲ್ಲ. ಕನೆಹಲಗೆಗೆ ಲೆಕ್ಕವೇ ಬೇರೆ. ಹಲಗೆಯ ತೂತಿನಿಂದ ನೀರು ಮೇಲೆ ಚಿಮ್ಮಿ ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಬೇಕು. ಗೆಲುವು ಇರುವುದು ಅಲ್ಲಿ. ಕ್ಯಾಮೆರಾ ಉದ್ದಕ್ಕೆ ಹಿಡಿದು ಕೆಳಗೆ ಕೋಣ, ಮೇಲೆ ನಿಶಾನೆ ಎರಡಕ್ಕೂ ಜಾಗ ಬಿಟ್ಟು ಮೊದಲೇ ಚೌಕಟ್ಟು ಹೊಂದಿಸಿ ಕಾಯಿರಿ.

ಆಟ ರಾತ್ರಿಯಿಡೀ ನಡೆಯುತ್ತದೆ. ದೀಪದ ಬೆಳಕಿಗೆ 70-200 ಎಫ್ 2.8, ಐಎಸ್‌ಒ 6400 ಬೇಕಾಗುತ್ತದೆ. ವರ್ಷಕ್ಕೊಮ್ಮೆಯ ಕೆಲಸಕ್ಕೆ ಆ ಲೆನ್ಸ್ ಕೊಳ್ಳಬೇಡಿ, ಬೆಂಗಳೂರಿನಿಂದಲೇ ಎರಡು ದಿನಕ್ಕೆ ಬಾಡಿಗೆಗೆ ಒಯ್ಯಿರಿ. ನೀರು, ಕೆಸರಿನಿಂದ ಹಾಳಾದರೆ ಯಾರ ಹೊಣೆ ಎಂಬುದನ್ನು ಬಾಡಿಗೆ ಚೀಟಿಯಲ್ಲಿ ಓದಿಯೇ ಸಹಿ ಹಾಕಿ.

ಪ್ರಶ್ನೆ: ಕಡಲತೀರದಿಂದ ಬಂದ ಮೇಲೆ ಲೆನ್ಸ್ ಉಂಗುರ ತಿರುಗಿಸಿದರೆ ಕರಕರ ಅನ್ನುತ್ತೆ. ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೀನಿ. ಸರಿಹೋಗುತ್ತಾ?
– ಜೆ.ಪಿ. ನಗರ 2ನೇ ಹಂತದ ಓದುಗಿ

ಉತ್ತರ: ಅಕ್ಕಿಯನ್ನು ಅನ್ನಕ್ಕೆ ಇಟ್ಟುಕೊಳ್ಳಿ. ಅದರ ದೂಳು ಮರಳಿನ ಜೊತೆ ಸೇರಿಕೊಳ್ಳುತ್ತದೆ, ಅಷ್ಟೆ. ಕರಕರ ಎನ್ನುವುದು ಮರಳು. ತಿರುಗಿಸುವುದನ್ನು ಇವತ್ತೇ ನಿಲ್ಲಿಸಿ ರಿಪೇರಿಯವರಿಗೆ ಕೊಡಿ, ತಿರುಗಿಸಿದಷ್ಟೂ ಒಳಗೆ ಇಳಿಯುತ್ತದೆ.

ಮುಂದಿನ ಸಲಕ್ಕೆ: ತೀರದಲ್ಲಿ ಲೆನ್ಸ್ ಬದಲಿಸಬೇಡಿ. ಒಣಗಿದ ಉಪ್ಪನ್ನು ಒಣಬಟ್ಟೆಯಿಂದ ಉಜ್ಜಿದರೆ ಗಾಜು ಗೀರುತ್ತದೆ. ಕುಡಿಯುವ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಮೊದಲು ಒದ್ದೆ ಬಟ್ಟೆಯಿಂದ ಒತ್ತಿ ತೆಗೆದು ಆಮೇಲೆ ಒಣಬಟ್ಟೆ ಹಿಡಿಯಿರಿ. ಮುಂಗಾಜಿಗೆ ಯುವಿ ಫಿಲ್ಟರ್ ಹಾಕಿರಿ, ಉಪ್ಪುಹನಿ ಅದರ ಮೇಲೆಯೇ ಕೂರಲಿ. ಎಸಿ ಕೋಣೆಯಿಂದ ತಂದ ಕ್ಯಾಮೆರಾವನ್ನು ಬ್ಯಾಗಿನಲ್ಲೇ ಅರ್ಧ ಗಂಟೆ ಬಿಟ್ಟು ತೆಗೆದರೆ ಆವಿ ಕಟ್ಟುವುದಿಲ್ಲ. ಮನೆಯಲ್ಲಿ ತೇವಾಂಶ ಶೇ 40–50ರ ನಡುವೆ ನಿಲ್ಲುವ ಡ್ರೈ ಕ್ಯಾಬಿನೆಟ್, ಇಲ್ಲವೇ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್. ಬೆಂಗಳೂರಿನ ಮಳೆಗಾಲದಲ್ಲಿ ಚರ್ಮದ ಚೀಲವೆಂದರೆ ಫಂಗಸ್ಸಿಗೆ ತೊಟ್ಟಿಲು.

ಪ್ರಶ್ನೆ: ಅಭ್ಯಾಸಕ್ಕೆ ಪ್ರತಿ ಸಲ ಮೂಲ್ಕಿಗೆ ಹೋಗಕ್ಕಾಗಲ್ಲ. ಇಲ್ಲೇ ಏನು ಮಾಡಬಹುದು?
– ಬಿಟಿಎಂ ಲೇಔಟ್ 1ನೇ ಹಂತದ ಓದುಗ

ಉತ್ತರ: ನಿಮ್ಮ ಮನೆ ಹತ್ತಿರವೇ ಮಡಿವಾಳ ಕೆರೆಯಿದೆ. ಹೆಜ್ಜಾರ್ಲೆ ನೀರಿಗೆ ಇಳಿಯುವುದನ್ನು ನೋಡಿ: ರೆಕ್ಕೆ ಬಿಚ್ಚಿ, ಎರಡೂ ಕಾಲು ಮುಂದೆ ಚಾಚಿ, ನೀರು ಸೀಳುತ್ತಾ ಹತ್ತಾರು ಅಡಿ ಜಾರುತ್ತದೆ. ಅದನ್ನು ಮೊದಲ ಸ್ಪರ್ಶದಿಂದ ನಿಲ್ಲುವವರೆಗೆ ಫೋಕಸ್ ತಪ್ಪದೆ ಹಿಂಬಾಲಿಸಬಲ್ಲಿರಾದರೆ ಸರ್ಫರ್ ಕಷ್ಟವಲ್ಲ. ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳಲ್ಲಿ ನೀರುಕಾಗೆ, ಹದ್ದುಗಳಿವೆ. ಲಾಲ್‌ಬಾಗಿನ ಕೆರೆಯೂ ಆದೀತು, ಕ್ಯಾಮೆರಾ ನಿಯಮವೇನೆಂದು ಗೇಟಿನಲ್ಲೇ ಕೇಳಿಕೊಳ್ಳಿ. ವೇಗ ತೋರಿಸುವ ಪ್ಯಾನಿಂಗ್‌ಗೆ ರಿಂಗ್ ರೋಡಿನ ಫುಟ್‌ಪಾತಿನಲ್ಲಿ ನಿಂತು ಶಟರ್ 1/60 ಇಟ್ಟು ಬೈಕುಗಳ ಜೊತೆ ಕ್ಯಾಮೆರಾ ತಿರುಗಿಸಿ. ಕಾಸು ಖರ್ಚಿಲ್ಲ.

ಚುಟುಕು ಉತ್ತರಗಳು

*ಡ್ರೋನ್ ತಗೊಳ್ಳಲಾ?* (ಜಯನಗರ) ವಿದೇಶಿ ಡ್ರೋನ್‌ಗಳ ಆಮದನ್ನು ಸರ್ಕಾರ 2022ರ ಫೆಬ್ರುವರಿಯಲ್ಲೇ ನಿಷೇಧಿಸಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಾರಿಸುವ ಜಾಗ ಯಾವ ಬಣ್ಣದ ವಲಯದಲ್ಲಿದೆ ಎಂದು ನೋಡಿಕೊಳ್ಳಬೇಕು. ಗಾಳಿಪಟದ ದಾರಗಳಿರುವ ಕಡೆ ಅದನ್ನು ಮೇಲೇರಿಸಲೇಬೇಡಿ.

*ಪೋಲರೈಸರ್ ಬೇಕೇ?* (ಬನಶಂಕರಿ) ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಶಾಂಭವಿಯ ತಿಳಿನೀರಿನಲ್ಲಿ ನಿಂತು ಹುಟ್ಟು ಹಾಕುವವರನ್ನು ತೆಗೆಯುವಾಗ ಹಾಕಿ, ಅಲೆಯ ಜಿಗಿತಕ್ಕೆ ಬಿಚ್ಚಿಡಿ.

*ನೇತ್ರಾಣಿಯಲ್ಲಿ ಮೊದಲ ಸಲ ಸ್ಕೂಬಾ, ಯಾವ ಕ್ಯಾಮೆರಾ?* (ಜೆ.ಪಿ. ನಗರ) ಮೊದಲ ಸಲ ಯಾವುದೂ ಬೇಡ, ಉಸಿರಾಟದ ಮೇಲೆ ಗಮನವಿರಲಿ. ಎರಡನೇ ಸಲಕ್ಕೆ ಒಯ್ದರೆ ನೆನಪಿಡಿ: ಕೆಂಪು ಬಣ್ಣದ ಬಹುಪಾಲು ಮೊದಲ ಐದಾರು ಮೀಟರಿನಲ್ಲೇ ಕಳೆದುಹೋಗುತ್ತದೆ. ಕೆಂಪು ಫಿಲ್ಟರೋ ದೀಪವೋ ಇಲ್ಲದಿದ್ದರೆ ಎಲ್ಲವೂ ನೀಲಿ.

ಪ್ರಶ್ನೆ: ಸುತ್ತಿಬಳಸಬೇಡಿ. ಒಂದು ಲಕ್ಷ ರೂಪಾಯಿ ನಿಮ್ಮ ಕೈಗೆ ಕೊಟ್ಟರೆ ಹೇಗೆ ಖರ್ಚು ಮಾಡ್ತೀರಿ?
– ಜಯನಗರ 9ನೇ ಬ್ಲಾಕ್‌ನ ಓದುಗ

ಉತ್ತರ: ದಡದವನಾದರೆ ಐವತ್ತು ಸಾವಿರ ಲೆನ್ಸಿಗೆ, ಮೂವತ್ತು ಸಾವಿರ ಹಳೆಯ ಬಾಡಿಗೆ, ಹತ್ತು ಸಾವಿರ ಮಳೆ ಕವರ್, ವೇಗದ ಕಾರ್ಡು, ಮೊನೊಪಾಡ್, ಸಿಲಿಕಾ ಜೆಲ್‌ಗೆ. ನೀರಿಗಿಳಿಯುವವನಾದರೆ ಆ್ಯಕ್ಷನ್ ಕ್ಯಾಮೆರಾ ಒಂದು, ಅದಕ್ಕೂ ಮೊದಲು ಈಜಿನ ತರಗತಿಗೆ ಫೀಸು. ಕೊಳ, ಕಂಬಳಗಳ ರಾತ್ರಿಗೆ ಲೆನ್ಸ್ ಬಾಡಿಗೆ. ಯಾವುದೇ ಆದರೂ ಹತ್ತು ಸಾವಿರ ಬಸ್ ಚಾರ್ಜಿಗೆಂದು ಎತ್ತಿಡುತ್ತೇನೆ. ಮೂಲ್ಕಿಗೆ ಹೋಗದ 600 ಎಂಎಂಗಿಂತ ತಿಂಗಳಿಗೊಮ್ಮೆ ಹೋಗಿಬರುವ 250 ಎಂಎಂ ಒಳ್ಳೆಯ ಚಿತ್ರ ಕೊಡುತ್ತದೆ. ಬೀರುವಿನಲ್ಲೇ ಕೂತ ಲೆನ್ಸ್ ಬೆಳೆಸುವುದು ಫಂಗಸ್ಸನ್ನು ಮಾತ್ರ.